ಮುಂಬೈ ನೋಡಲು ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು: ನಗರದೊಳಗಿನ ತಾಣಗಳು, ಒಂದೇ ದಿನದಲ್ಲಿ ಹೋಗಿಬರುವ ಊರುಗಳು

ಊರಿನಿಂದ ಮುಂಬೈಗೆ ಹೊರಟ ನೆಂಟರೂ ಸ್ನೇಹಿತರೂ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಹಲವು ವರ್ಷಗಳಿಂದ ಅವುಗಳಿಗೆ ಕೊಡುತ್ತ ಬಂದ ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ವಾರ, ಕಡಲಿನ ಉಬ್ಬರವಿಳಿತ ಮತ್ತು ಲೋಕಲ್ ರೈಲಿನ ದಿಕ್ಕು ಎಂಬ ಮೂರು ಸಂಗತಿಗಳನ್ನು ಲೆಕ್ಕಕ್ಕೆ ಹಿಡಿಯದೆ ಹೊರಟವರೇ ಈ ನಗರದಲ್ಲಿ ಹೆಚ್ಚಾಗಿ ದಿನ ಕಳೆದುಕೊಳ್ಳುತ್ತಾರಾದ್ದರಿಂದ, ಉತ್ತರಗಳಲ್ಲಿ ಅವೇ ಮಾತುಗಳು ಮತ್ತೆ ಮತ್ತೆ ಬಂದರೆ ಬೇಸರಿಸಬಾರದು.

ಮುಂಬೈ ನೋಡಲು ಎಷ್ಟು ದಿನ ಬೇಕು?

ನಗರದೊಳಗಿನ ಮುಖ್ಯ ತಾಣಗಳಿಗೆ ಮೂರು ದಿನ, ಹೊರಗಿನ ಒಂದೆರಡು ಊರುಗಳಿಗೆ ಇನ್ನೆರಡು ದಿನ ಇದ್ದರೆ ಉಸಿರು ಬಿಗಿಹಿಡಿಯದೆ ನೋಡಬಹುದು. ಕೊಲಾಬಾ, ಮಾಝಗಾಂವ್, ವರ್ಲಿ, ಪರೇಲ್, ಮಾಹಿಮ್ ಮೊದಲಾದ ಏಳು ದ್ವೀಪಗಳ ನಡುವಿನ ನೀರನ್ನು ತುಂಬಿಸುತ್ತ ಹೋಗಿ ಕಟ್ಟಿದ ಊರಾದ್ದರಿಂದ ಮುಂಬೈ ಅಗಲವಾಗಿ ಹರಡಿಲ್ಲ, ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿಕೊಂಡಿದೆ. ನಕ್ಷೆಯಲ್ಲಿ ಹತ್ತಿರ ಕಾಣುವ ಎರಡು ಜಾಗಗಳ ನಡುವೆ ಒಂದೂವರೆ ಗಂಟೆ ಹೋಗುವುದು ಇಲ್ಲಿ ದಿನನಿತ್ಯದ ಸಂಗತಿ. ಬೆಳಿಗ್ಗೆ ಗೇಟ್‌ವೇ, ಮಧ್ಯಾಹ್ನ ಬೊರಿವಲಿ, ಸಂಜೆ ಮರೀನ್ ಡ್ರೈವ್ ಎಂದು ಪಟ್ಟಿ ಮಾಡಿಕೊಂಡು ಬಂದವರು ಆ ದಿನದ ಬಹುಪಾಲನ್ನು ರೈಲಿನಲ್ಲೇ ಕಳೆಯಬೇಕಾಗುತ್ತದೆ. ಒಂದು ದಿನಕ್ಕೆ ನಗರದ ಒಂದೇ ಭಾಗ ಎಂಬ ಕಟ್ಟುಪಾಡನ್ನು ಹಾಕಿಕೊಳ್ಳುವುದು ಒಳ್ಳೆಯದು.

ಎಲ್ಲಿ ಉಳಿದುಕೊಂಡರೆ ಅನುಕೂಲ?

ಹಣಕ್ಕೆ ತೊಂದರೆಯಿಲ್ಲದವರು ಕೋಟೆ ಪ್ರದೇಶ ಅಥವಾ ಕೊಲಾಬಾದಲ್ಲಿ ಉಳಿಯಬಹುದು. ನೋಡುವ ಜಾಗಗಳಲ್ಲಿ ಅರ್ಧದಷ್ಟು ಅಲ್ಲಿ ಕಾಲ್ನಡಿಗೆಯ ದೂರದಲ್ಲಿವೆ. ಖರ್ಚು ತಗ್ಗಿಸಬೇಕೆನ್ನುವವರಿಗೆ ದಾದರ್ ಮತ್ತು ಮಾಟುಂಗಾ ಸುತ್ತಮುತ್ತ ಅನುಕೂಲ, ಏಕೆಂದರೆ ಪಶ್ಚಿಮ ಮತ್ತು ಮಧ್ಯ ಎಂಬ ಎರಡು ಮುಖ್ಯ ರೈಲು ಮಾರ್ಗಗಳೂ ದಾದರಿನಲ್ಲಿ ಸಂಧಿಸುತ್ತವೆ. ಮಂಗಳೂರು ಕಡೆಯಿಂದ ಮತ್ಸ್ಯಗಂಧಾ ರೈಲಿನಲ್ಲಿ ಬರುವವರು ಕುರ್ಲಾ ಸಮೀಪದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯುತ್ತಾರೆ. ಅಲ್ಲಿಗೆ ಹತ್ತಿರದ ಲೋಕಲ್ ನಿಲ್ದಾಣ ಹಾರ್ಬರ್ ಮಾರ್ಗದ ತಿಲಕ್ ನಗರ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದವರು ನೇರವಾಗಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೇ, ಅಂದರೆ ಎಲ್ಲರ ಬಾಯಲ್ಲಿ ಸಿಎಸ್‌ಎಂಟಿ ಅಥವಾ ಹಳೆಯ ವಿ.ಟಿ. ಎನ್ನಿಸಿಕೊಳ್ಳುವ ನಿಲ್ದಾಣಕ್ಕೇ, ಬಂದಿಳಿಯುತ್ತಾರೆ.

ಯಾವ ತಿಂಗಳಲ್ಲಿ ಬರಬೇಕು? ಮಳೆಗಾಲದಲ್ಲಿ ಬರಲೇಬಾರದೇ?

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹವೆ ಹಿತವಾಗಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲಿಗಿಂತ ಹೆಚ್ಚಾಗಿ ಬೆವರು ಕಾಡುತ್ತದೆ. ಕರಾವಳಿಯವರಿಗೆ ಅದು ಹೊಸದಲ್ಲ, ಮೈಸೂರು, ಬೆಂಗಳೂರಿನವರಿಗೆ ಸಹಿಸುವುದು ಕಷ್ಟ. ಜೂನ್ ಎರಡನೆಯ ವಾರದ ಹೊತ್ತಿಗೆ ಮಳೆ ಹಿಡಿದರೆ ಸೆಪ್ಟೆಂಬರ್ ಕೊನೆಯವರೆಗೂ ಬಿಡದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದನ್ನು ಇಲ್ಲಿನವರು ಇಂದಿಗೂ ತಾರೀಖು ಹೇಳಿಯೇ ನೆನೆಯುತ್ತಾರೆ. ಭಾರೀ ಮಳೆಯೂ ದೊಡ್ಡ ಉಬ್ಬರವೂ ಒಂದೇ ಹೊತ್ತಿಗೆ ಕೂಡಿಬಂದರೆ ಚರಂಡಿಯ ನೀರು ಕಡಲಿಗೆ ಇಳಿಯಲಾಗದೆ ರಸ್ತೆಯಲ್ಲೇ ನಿಲ್ಲುತ್ತದೆ. ಅಂಥ ದಿನ ಕೋಣೆಯಲ್ಲಿ ಕುಳಿತು ಕಿಟಕಿಯಿಂದ ಮಳೆ ನೋಡುವುದೇ ಪ್ರವಾಸ. ಆದರೂ ಕಾನ್ಹೇರಿ, ಲೋಣಾವಳ, ಮಾಥೇರಾನ್‌ಗಳ ನಿಜವಾದ ಚೆಲುವು ಕಾಣುವುದು ಮಳೆಗಾಲದಲ್ಲೇ ಎಂಬುದನ್ನೂ ಹೇಳಲೇಬೇಕು. ದೋಣಿಯ ಮೇಲೆ ಅವಲಂಬಿಸಿದ ಯೋಜನೆಯನ್ನು ಮಾತ್ರ ಆ ನಾಲ್ಕು ತಿಂಗಳಲ್ಲಿ ಇಟ್ಟುಕೊಳ್ಳಬೇಡಿ.

ಲೋಕಲ್ ರೈಲಿನಲ್ಲಿ ಹೊಸಬರು ಓಡಾಡಬಹುದೇ? ಭಯವಾಗುತ್ತದೆ.

ಧಾರಾಳವಾಗಿ ಓಡಾಡಬಹುದು, ಹೊತ್ತು ಮತ್ತು ದಿಕ್ಕು ನೋಡಿಕೊಂಡರೆ ಸಾಕು. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ, 34 ಕಿ.ಮೀ. ದೂರ, ಓಡಿದ್ದು ಇಲ್ಲೇ. ಇಂದಿಗೂ ಈ ಊರಿನ ಜೀವ ಹಳಿಯ ಮೇಲೆಯೇ ಇದೆ. ಬೆಳಿಗ್ಗೆ ಸುಮಾರು ಎಂಟರಿಂದ ಹನ್ನೊಂದರವರೆಗೆ ಜನಸಾಗರ ದಕ್ಷಿಣದ ಕಚೇರಿಗಳತ್ತ ಹರಿಯುತ್ತದೆ, ಸಂಜೆ ಐದರಿಂದ ಒಂಬತ್ತರವರೆಗೆ ಉತ್ತರದ ಮನೆಗಳತ್ತ ಮರಳುತ್ತದೆ. ಪ್ರವಾಸಿ ಇದಕ್ಕೆ ಎದುರು ದಿಕ್ಕಿನಲ್ಲಿ ಹೊರಟರೆ ಕಿಟಕಿ ಪಕ್ಕದ ಸೀಟೂ ಸಿಗುವ ಸಂಭವವಿದೆ. ದಕ್ಷಿಣದಲ್ಲಿ ಉಳಿದವರು ಬೆಳಿಗ್ಗೆ ಬೊರಿವಲಿ, ವಸಾಯಿ, ಕರ್ಜತ್ ಕಡೆಗೆ ಹೋಗಿ ಸಂಜೆ ನಾಲ್ಕು ಗಂಟೆಯೊಳಗೆ ಹಿಂದಿರುಗುವುದು ಇದೇ ಕಾರಣಕ್ಕೆ ಸುಲಭ.

ಇಂಡಿಕೇಟರ್ ಫಲಕದಲ್ಲಿ ಕೊನೆಯ ನಿಲ್ದಾಣ, ಫಾಸ್ಟೋ ಸ್ಲೋವೋ ಎಂಬುದು ಮತ್ತು ಬರುವ ಸಮಯ ಕಾಣಿಸುತ್ತದೆ. ಸ್ಲೋ ಗಾಡಿ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ, ಫಾಸ್ಟ್ ನಿಲ್ಲುವುದಿಲ್ಲ. ಸಂಜೆಯ ಹೊತ್ತು ವಿರಾರ್ ಫಾಸ್ಟ್ ಹತ್ತಿ ನಡುವೆ ಬೊರಿವಲಿಯಲ್ಲಿ ಇಳಿಯುತ್ತೇನೆಂದು ಹೊರಡುವ ಸಾಹಸ ಬೇಡ; ಬಾಗಿಲಲ್ಲಿ ನಿಂತ ವಿರಾರಿನವರು ಅದನ್ನು ತಮ್ಮ ಹಕ್ಕಿನ ಮೇಲಿನ ಆಕ್ರಮಣವೆಂದೇ ಬಗೆಯುತ್ತಾರೆ. ಮಹಿಳೆಯರಿಗೆ ಪ್ರತ್ಯೇಕ ಡಬ್ಬಿಗಳಿವೆ. ಫಸ್ಟ್ ಕ್ಲಾಸಿನ ದರ ಹಲವು ಪಟ್ಟು ಹೆಚ್ಚಿದ್ದರೂ ನೂಕುನುಗ್ಗಲಿನ ವೇಳೆ ಅಲ್ಲಿಯೂ ಸೀಟಿನ ಭರವಸೆಯಿಲ್ಲ. ಒಂದು, ಮೂರು ಅಥವಾ ಐದು ದಿನಗಳಿಗೆ ಎಲ್ಲ ಮಾರ್ಗಗಳಲ್ಲೂ ನಡೆಯುವ ಟೂರಿಸ್ಟ್ ಟಿಕೆಟ್ ದೊರೆಯುತ್ತದೆ. ದಿನಕ್ಕೆ ನಾಲ್ಕಾರು ಬಾರಿ ಹತ್ತಿಳಿಯುವವರಿಗೆ ಪ್ರತಿ ಸಲ ಕ್ಯೂ ನಿಲ್ಲುವ ಕಷ್ಟ ತಪ್ಪುತ್ತದೆ. ಭಾನುವಾರ ದುರಸ್ತಿಗಾಗಿ ಮೆಗಾಬ್ಲಾಕ್ ಇರುವುದರಿಂದ ಹೊರಡುವ ಮುನ್ನ ಯಾವ ಮಾರ್ಗ ಬಂದ್ ಎಂಬುದನ್ನು ಪತ್ರಿಕೆಯಲ್ಲಿ ನೋಡಿಕೊಳ್ಳಿ.

2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ತೆರೆದ ನೆಲದಡಿಯ ಮೆಟ್ರೊ 3, ಅಂದರೆ ಆಕ್ವಾ ಲೈನ್, ಹೊಸಬರ ಪಾಲಿಗೆ ದೊಡ್ಡ ವರ. ಆರೆಯಿಂದ ಕಫ್ ಪರೇಡ್‌ವರೆಗಿನ 33.5 ಕಿ.ಮೀ. ಮಾರ್ಗವು ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳನ್ನೂ ಸಿದ್ಧಿವಿನಾಯಕ, ಸಿಎಸ್‌ಎಂಟಿ, ಹುತಾತ್ಮಾ ಚೌಕ್, ಚರ್ಚ್‌ಗೇಟ್‌ಗಳನ್ನೂ ಮುಟ್ಟುತ್ತದೆ.

ಕೊಲಾಬಾದಲ್ಲಿ ಆಟೋ ಏಕೆ ಸಿಗುವುದಿಲ್ಲ?

ದಕ್ಷಿಣ ಮುಂಬೈಗೆ ಆಟೋರಿಕ್ಷಾಗಳಿಗೆ ಪ್ರವೇಶವಿಲ್ಲ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಾಯನ್‌ವರೆಗೆ ಮಾತ್ರ ರಿಕ್ಷಾ. ಅಲ್ಲಿಂದ ಕೆಳಕ್ಕೆ ಕಪ್ಪು ಹಳದಿಯ ಟ್ಯಾಕ್ಸಿ, ಬೆಸ್ಟ್ ಬಸ್ಸು ಅಥವಾ ನಿಮ್ಮ ಕಾಲು. ರಿಕ್ಷಾ, ಟ್ಯಾಕ್ಸಿ ಎರಡೂ ಮೀಟರ್ ಹಾಕಿಯೇ ಓಡುವುದು ಇಲ್ಲಿನ ರೂಢಿ, ಚೌಕಾಶಿ ಮಾಡಬೇಕಾಗಿಲ್ಲ.

ನನ್ನ ಬಳಿ ಇರುವುದು ಒಂದೇ ದಿನ. ಏನು ನೋಡಲಿ?

ಸಿಎಸ್‌ಎಂಟಿಯಿಂದ ಗೇಟ್‌ವೇವರೆಗೆ ನಡೆಯಿರಿ. ಅಡ್ಡಾಡಿಕೊಂಡು ಹೋದರೂ ಮೂರು, ನಾಲ್ಕು ಕಿ.ಮೀ.ಗಿಂತ ಹೆಚ್ಚಾಗದ ಈ ದಾರಿಗೆ ಸಮನಾದ ಇನ್ನೊಂದು ನಡಿಗೆ ದೇಶದ ಯಾವ ನಗರದಲ್ಲೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ರೈಲು ನಿಲ್ದಾಣವನ್ನೇ ನೋಡಿ. ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ 1878ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆದ ಈ ಕಟ್ಟಡದ ಕಂಬ, ಕಮಾನುಗಳ ಮೇಲಿನ ಎಲೆ, ಹಕ್ಕಿ, ಕೋತಿ, ಮೊಸಳೆಗಳ ಕೆತ್ತನೆಯಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಯೂ ಇದೆ. ದ್ವಾರದ ಎರಡು ಕಂಬಗಳ ಮೇಲೆ ಬ್ರಿಟನ್ನಿನ ಸಂಕೇತವಾಗಿ ಸಿಂಹ, ಭಾರತದ ಸಂಕೇತವಾಗಿ ಹುಲಿ ಕುಳಿತಿವೆ. ನಡುಗುಮ್ಮಟದ ತುದಿಯಲ್ಲಿ ಪಂಜು ಹಿಡಿದ ‘ಪ್ರಗತಿ’ಯ ಪ್ರತಿಮೆಯಿದೆ. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಕಟ್ಟಡದ ಕೆಳಗೆ ಲಕ್ಷಾಂತರ ಜನ ತಲೆಯೆತ್ತದೆ ಓಡುತ್ತಿರುವುದೂ ನೋಡುವಂಥ ದೃಶ್ಯವೇ. ಎದುರಿನ ಮಹಾನಗರಪಾಲಿಕೆಯ ಕಟ್ಟಡವೂ ಸ್ಟೀವನ್ಸ್‌ನದೇ.

ಅಲ್ಲಿಂದ ಫ್ಲೋರಾ ಫೌಂಟನ್ ದಾಟಿ ಓವಲ್ ಮೈದಾನಕ್ಕೆ ಬನ್ನಿ. ಮೈದಾನದ ನಡುವೆ ನಿಂತು ಪೂರ್ವಕ್ಕೆ ತಿರುಗಿದರೆ ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರ ಗೋಪುರಗಳೆಂಬ ಹತ್ತೊಂಬತ್ತನೆಯ ಶತಮಾನದ ಗಾಥಿಕ್ ಕಟ್ಟಡಗಳ ಸಾಲು. ಪಶ್ಚಿಮಕ್ಕೆ ತಿರುಗಿದರೆ 1930ರ ದಶಕದ ಆರ್ಟ್ ಡೆಕೊ ಮನೆಗಳ ದುಂಡನೆಯ ಬಾಲ್ಕನಿಗಳು. ನಡುವೆ ಹುಡುಗರ ಹತ್ತಾರು ಕ್ರಿಕೆಟ್ ಆಟಗಳು ಒಂದಕ್ಕೊಂದು ಹೆಣೆದುಕೊಂಡು ಸಾಗಿರುತ್ತವೆ. ಈ ಎರಡು ಸಾಲುಗಳನ್ನೂ ಮರೀನ್ ಡ್ರೈವಿನ ಡೆಕೊ ಕಟ್ಟಡಗಳನ್ನೂ ಸೇರಿಸಿ 94 ಕಟ್ಟಡಗಳ ಸಮೂಹಕ್ಕೆ 2018ರಲ್ಲಿ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು. 85 ಮೀಟರ್ ಎತ್ತರದ ಗೋಪುರಕ್ಕೆ ವರ್ತಕ ಪ್ರೇಮಚಂದ್ ರಾಯಚಂದ್ ತಮ್ಮ ತಾಯಿ ರಾಜಾಬಾಯಿಯ ಹೆಸರಿಡಿಸಿದರು. ಜೈನರಾದ ಆಕೆ ಸೂರ್ಯಾಸ್ತದೊಳಗೆ ಊಟ ಮುಗಿಸಬೇಕಿತ್ತು, ಕಣ್ಣು ಕಾಣದ ಆಕೆಗೆ ಹೊತ್ತು ತಿಳಿಸಲೆಂದೇ ಗಂಟೆ ಎಂದು ಜನ ಹೇಳುತ್ತಾರೆ.

ಮುಂದೆ ಕಾಲಾ ಘೋಡಾ. ಬೇಗ ದಣಿಯುವವರು ಇಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯನ್ನು ಅರ್ಧ ಗಂಟೆಯಲ್ಲಿ ಮುಗಿಸಿ, ಪಕ್ಕದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆ ಮೀಸಲಿಡಬಹುದು. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದು ತೆರೆದ ಇದರ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್. ಗೇಟ್‌ವೇ ಆಫ್ ಇಂಡಿಯಾದ ವಿನ್ಯಾಸವೂ ಇವನದೇ. ಐದನೆಯ ಜಾರ್ಜ್ ದೊರೆ ಬಂದಿಳಿದದ್ದು 1911ರಲ್ಲಿ, ಅದರ ನೆನಪಿನ ಕಟ್ಟಡಕ್ಕೆ ಕಲ್ಲಿಟ್ಟದ್ದು 1913ರಲ್ಲಿ, ತೆರೆದದ್ದು 1924ರಲ್ಲಿ. ಅದಾದ ಕಾಲು ಶತಮಾನದೊಳಗೆ, 1948ರ ಫೆಬ್ರುವರಿ 28ರಂದು, ಬ್ರಿಟಿಷ್ ಸೈನ್ಯದ ಕಡೆಯ ತುಕಡಿ ಇದೇ ಕಮಾನಿನ ಕೆಳಗೆ ಹಾದು ಹಡಗು ಹತ್ತಿತು. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಟ್ಯಾಕ್ಸಿ ಹಿಡಿದು ಮರೀನ್ ಡ್ರೈವ್ ತಲುಪಿ ಕಟ್ಟೆಯ ಮೇಲೆ ಕುಳಿತರೆ ದಿನ ಸಾರ್ಥಕ.

ಎಲಿಫೆಂಟಾಕ್ಕೆ ಹೋಗಬೇಕೇ? ಗುಹೆಯಲ್ಲಿ ಅಂಥದ್ದೇನಿದೆ?

ಗೇಟ್‌ವೇಯಿಂದ ಲಾಂಚಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ದ್ವೀಪದ ಮೂಲ ಹೆಸರು ಘಾರಾಪುರಿ. ಧಕ್ಕೆಯ ಬಳಿ ಇದ್ದ ಕಲ್ಲಾನೆಯನ್ನು ಕಂಡು ಪೋರ್ಚುಗೀಸರು ಇಟ್ಟ ಹೆಸರು ಎಲಿಫೆಂಟಾ. ಆ ಆನೆ ಈಗ ಅಲ್ಲಿಲ್ಲ, ಭಾಯ್ಖಳಾದ ಜಿಜಾಮಾತಾ ಉದ್ಯಾನದಲ್ಲಿದೆ. ಬೆಳಗಿನ ಮೊದಲ ದೋಣಿಗಳಲ್ಲಿ ಹೊರಟರೆ ಬಿಸಿಲೂ ಜನಜಂಗುಳಿಯೂ ಏರುವ ಮುನ್ನ ಗುಹೆಯಲ್ಲಿರಬಹುದು.

ಧಕ್ಕೆಯಿಂದ ಸ್ವಲ್ಪ ದೂರ ಪುಟಾಣಿ ರೈಲು ಓಡುತ್ತದೆ, ಅನಂತರ ಸುಮಾರು 120 ಮೆಟ್ಟಿಲು. ಹತ್ತಲಾಗದವರನ್ನು ಕುರ್ಚಿಯಲ್ಲಿ ಹೊತ್ತೊಯ್ಯುವವರಿದ್ದಾರೆ. ದರವನ್ನು ಕೂರುವ ಮುನ್ನವೇ ಗೊತ್ತು ಮಾಡಿಕೊಳ್ಳಿ. ಕೋತಿಗಳ ಕಾಟವಿರುವುದರಿಂದ ತಿಂಡಿಯ ಪೊಟ್ಟಣ ಕೈಯಲ್ಲಿ ಬೇಡ.

ಮುಖ್ಯ ಗುಹೆಯೊಳಗೆ ಕಾಲಿಟ್ಟ ಕೂಡಲೇ ಎಲ್ಲರೂ ನೇರ ತ್ರಿಮೂರ್ತಿಯತ್ತ ನುಗ್ಗುತ್ತಾರೆ. ಸ್ವಲ್ಪ ತಡೆದು, ಕತ್ತಲೆಗೆ ಕಣ್ಣು ಒಗ್ಗುವವರೆಗೆ ಕಂಬಗಳ ನಡುವೆ ನಿಲ್ಲಿ. ಮೂರಾಳೆತ್ತರದ ಆ ಶಿಲ್ಪ ಬ್ರಹ್ಮ, ವಿಷ್ಣು, ಮಹೇಶ್ವರರದೆಂದು ಕೆಲವು ಗೈಡುಗಳು ಹೇಳುವುದುಂಟು, ಅದು ಸದಾಶಿವ. ನಡುವೆ ಶಾಂತನಾದ ತತ್ಪುರುಷ, ಒಂದು ಬದಿಗೆ ಮೀಸೆ ತಿರುವಿದ ಉಗ್ರ ಅಘೋರ, ಇನ್ನೊಂದು ಬದಿಗೆ ಹೆಣ್ಣಿನ ಮಾರ್ದವದ ವಾಮದೇವ. ಅದರ ಎರಡು ಪಕ್ಕಗಳಲ್ಲಿ ಅರ್ಧನಾರೀಶ್ವರ, ಗಂಗಾಧರರಿದ್ದಾರೆ. ಕೈಕಾಲು ಮುರಿದುಹೋದ ನಟರಾಜನ ಮುಂದೆ ನಿಂತಾಗ ಬಾದಾಮಿಯ ಮೊದಲ ಗುಹೆಯ ಹದಿನೆಂಟು ತೋಳಿನ ನಟರಾಜ ನೆನಪಾಗದೆ ಇರಲಾರ. ಗುಹೆಗಳನ್ನು ಆರನೆಯ ಶತಮಾನದ ಕಲಚುರಿಗಳ ಕಾಲದವೆಂದು ಹಲವು ವಿದ್ವಾಂಸರು ಎಣಿಸುತ್ತಾರೆ. ಐಹೊಳೆಯ ಮೇಗುತಿ ಬಸದಿಯಲ್ಲಿರುವ ಕ್ರಿ.ಶ. 634ರ ಶಾಸನದಲ್ಲಿ ಕವಿ ರವಿಕೀರ್ತಿಯು ಇಮ್ಮಡಿ ಪುಲಕೇಶಿ ಹಡಗುಗಳೊಡನೆ ಮುತ್ತಿದ ‘ಪುರಿ’ಯನ್ನು ಪಶ್ಚಿಮ ಸಮುದ್ರದ ಲಕ್ಷ್ಮಿ ಎಂದು ವರ್ಣಿಸಿದ್ದಾನೆ, ಆ ಪುರಿ ಈ ಘಾರಾಪುರಿಯೇ ಎಂದು ಗುರುತಿಸುವವರೂ ಇದ್ದಾರೆ. ಹಿಂದಿರುಗುವ ದೋಣಿಯಲ್ಲಿ ಕುಳಿತು ಯೋಚಿಸಲು ಇಷ್ಟು ಸಾಕು.

2024ರ ಡಿಸೆಂಬರ್‌ನಲ್ಲಿ ಈ ಮಾರ್ಗದಲ್ಲಿ ಭೀಕರ ದೋಣಿ ದುರಂತ ನಡೆದಿದೆ. ಜೀವರಕ್ಷಕ ಜಾಕೆಟ್ಟನ್ನು ಕೇಳಿ ಪಡೆದು ತೊಟ್ಟುಕೊಳ್ಳಿ, ದೋಣಿ ತುಂಬಿ ತುಳುಕುತ್ತಿದ್ದರೆ ಮುಂದಿನದಕ್ಕೆ ಕಾಯಿರಿ.

ಯಾವ ದಿನ ಯಾವುದು ಮುಚ್ಚಿರುತ್ತದೆ?

ಎಲಿಫೆಂಟಾ ಗುಹೆಗಳಿಗೂ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಮತ್ತು ಅದರೊಳಗಿನ ಕಾನ್ಹೇರಿ ಗುಹೆಗಳಿಗೂ ಸೋಮವಾರ ರಜೆ. ಭಾಯ್ಖಳಾದ ಮೃಗಾಲಯಕ್ಕೂ ಅದಕ್ಕೆ ತಾಗಿಕೊಂಡ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯಕ್ಕೂ ಬುಧವಾರ ರಜೆ. ನಾನೇ ಒಮ್ಮೆ ಅತ್ತೆ ಮಾವನವರನ್ನು ಸೋಮವಾರ ಬೆಳಿಗ್ಗೆ ಗೇಟ್‌ವೇವರೆಗೆ ಕರೆದೊಯ್ದು, ಮುಚ್ಚಿದ ಟಿಕೆಟ್ ಕಿಟಕಿಯ ಮುಂದೆ ತಲೆ ತಗ್ಗಿಸಿ ನಿಂತವನು. ಮಾವನವರು ಏನೂ ಅನ್ನಲಿಲ್ಲ, ಆದರೆ ಅಂದಿನಿಂದ ನಾನು ಹೇಳುವ ಪ್ರತಿ ಜಾಗಕ್ಕೂ ‘ಇವತ್ತು ತೆರೆದಿರುತ್ತದೆಯೇ?’ ಎಂದು ಕೇಳುವುದನ್ನು ಬಿಟ್ಟಿಲ್ಲ. ಸೋಮವಾರವನ್ನು ಕೋಟೆ ಪ್ರದೇಶದ ನಡಿಗೆಗೆ ಇಟ್ಟುಕೊಳ್ಳಿ, ಬೀದಿಗೆ ರಜೆಯಿಲ್ಲ.

ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿಗಳನ್ನು ಒಂದೇ ದಿನ ಮುಗಿಸಬಹುದೇ?

ಒಂದೇ ಬೆಳಿಗ್ಗೆಯಲ್ಲಿ ಮುಗಿಸಬಹುದು, ಮಂಗಳವಾರ ಒಂದನ್ನು ಬಿಟ್ಟು. ಮಂಗಳವಾರ ಪ್ರಭಾದೇವಿಯ ಸಿದ್ಧಿವಿನಾಯಕನ ಸಾಲು ರಸ್ತೆಗಿಳಿಯುತ್ತದೆ. ಹಾಜಿ ಅಲಿ ದರ್ಗಾ ಕಡಲಿನೊಳಗಿನ ಸಣ್ಣ ದಿಬ್ಬದ ಮೇಲಿದ್ದು, ಅಲ್ಲಿಗೆ ಹೋಗುವ ಕಾಲುಹಾದಿ ಉಬ್ಬರದ ಹೊತ್ತಿನಲ್ಲಿ ನೀರಿನಡಿ ಮುಳುಗುತ್ತದೆ. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಪ್ರತಿದಿನವೂ ಇದು ಸುಮಾರು 50 ನಿಮಿಷ ಮುಂದಕ್ಕೆ ಜರುಗುವುದರಿಂದ ನಿನ್ನೆ ಹೋಗಿಬಂದವರ ಸಮಯ ನಿಮಗೆ ಒದಗದು. ಆ ದಿನದ ವೇಳೆ ನೋಡಿಕೊಂಡು ಮೊದಲು ದರ್ಗಾ, ಆಮೇಲೆ ದೇವಸ್ಥಾನ, ಅಥವಾ ಅದರ ತಿರುವುಮುರುವು ಎಂದು ನಿರ್ಧರಿಸಿ. ಹೊತ್ತು ಉಳಿದರೆ ವಾಲ್ಕೇಶ್ವರದ ಬಾಣಗಂಗಾ ಕೆರೆಗೆ ಹೋಗಿ. ಸುತ್ತ ಗಗನಚುಂಬಿಗಳು ಎದ್ದ ಮಲಬಾರ್ ಹಿಲ್‌ನ ಮಡಿಲಲ್ಲಿ ಮೆಟ್ಟಿಲುಗಟ್ಟಿದ ಕಲ್ಯಾಣಿ, ಬಾತುಕೋಳಿಗಳು, ಮಠಗಳು ಹಾಗೆಯೇ ಉಳಿದುಕೊಂಡಿವೆ.

ಸಮುದ್ರಸ್ನಾನಕ್ಕೆ ಯಾವ ಬೀಚು ಒಳ್ಳೆಯದು?

ನಗರದೊಳಗೆ ಯಾವುದೂ ಅಲ್ಲ. ಗಿರಗಾಂವ್ ಚೌಪಾಟಿ, ಜುಹೂಗಳು ಸಂಜೆ ಕುಳಿತು ಭೇಳ್ ತಿನ್ನಲು ಇರುವಂಥವು. ಮಲ್ಪೆ, ಗೋಕರ್ಣ ನೋಡಿದವರಿಗೆ ಅವುಗಳ ನೀರು ಹಿಡಿಸದು. ಮಾಲಾಡಿನ ಆಕ್ಸಾ ತೀರ ನೋಡಲು ಚೆಂದವಿದ್ದರೂ ಮುಳುಗಿ ಸತ್ತವರ ಸುದ್ದಿ ಅಲ್ಲಿಂದ ಬರುತ್ತಲೇ ಇರುವುದರಿಂದ ನೀರಿಗಿಳಿಯಬೇಡಿ.

ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕು?

ವರ್ಲಿಯ ನೆಹರೂ ವಿಜ್ಞಾನ ಕೇಂದ್ರದಲ್ಲಿ ಅರ್ಧ ದಿನ ಹೋದದ್ದೇ ತಿಳಿಯುವುದಿಲ್ಲ. ಭಾಯ್ಖಳಾದ ರಾಣಿಬಾಗ್‌ನಲ್ಲಿ, ಅಂದರೆ ಜಿಜಾಮಾತಾ ಉದ್ಯಾನದಲ್ಲಿ, ಪೆಂಗ್ವಿನ್‌ಗಳಿವೆ. ಮಕ್ಕಳು ಅವನ್ನು ನೋಡುವಷ್ಟು ಹೊತ್ತು ದೊಡ್ಡವರು ಅಲ್ಲಿನ ಹಳೆಯ ಮರಗಳನ್ನು ನೋಡಬಹುದು. ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟು ಯಾವ ಮಗುವಿಗಾದರೂ ಇವೆರಡಕ್ಕಿಂತ ಹೆಚ್ಚಿನ ಸುಖ.

ಕಾನ್ಹೇರಿ ಗುಹೆಗಳು ಎಲಿಫೆಂಟಾದಷ್ಟು ಮುಖ್ಯವೇ?

ಕನ್ನಡಿಗರು ತಪ್ಪಿಸಬಾರದು ಎಂದೇ ಹೇಳುತ್ತೇನೆ. ಬೊರಿವಲಿ ನಿಲ್ದಾಣದಿಂದ ಪೂರ್ವಕ್ಕೆ ಹತ್ತು ನಿಮಿಷ ನಡೆದರೆ ಉದ್ಯಾನದ ದ್ವಾರ. ಅಲ್ಲಿಂದ ಗುಹೆಗಳಿಗೆ ಕಾಡಿನ ನಡುವೆ ಆರೇಳು ಕಿ.ಮೀ. ಬಸ್ಸು ಹೋಗುತ್ತದೆ, ಬಾಡಿಗೆ ಸೈಕಲ್ಲೂ ಸಿಗುತ್ತದೆ. ಕೋಟಿಗಟ್ಟಲೆ ಜನರ ನಗರದ ಎಲ್ಲೆಯೊಳಗೆ ನೂರು ಚದರ ಕಿ.ಮೀ.ಗೂ ಮಿಕ್ಕಿದ ಈ ಕಾಡಿನಲ್ಲಿ ಚಿರತೆಗಳು ಬದುಕುತ್ತಿವೆ; ಹಗಲಿನಲ್ಲಿ ಹಾದಿ ಬಿಡದೆ ಹೋಗುವವರಿಗೆ ಅವು ಕಾಣಿಸುವುದು ತೀರ ಅಪರೂಪ.

ಬೆಟ್ಟದ ಕಪ್ಪು ಬಸಾಲ್ಟ್ ಕಲ್ಲಿನಿಂದ ‘ಕೃಷ್ಣಗಿರಿ’ ಎನಿಸಿ, ಅದೇ ಕಾನ್ಹೇರಿಯಾಯಿತು. ಕ್ರಿಸ್ತಪೂರ್ವ ಮೊದಲ ಶತಮಾನದಿಂದ ಸುಮಾರು ಸಾವಿರ ವರ್ಷ ಬೌದ್ಧ ಭಿಕ್ಷುಗಳು ಇಲ್ಲಿ ನೆಲೆಸಿದ್ದರು; ಗುಹೆಗಳು ನೂರಕ್ಕೂ ಹೆಚ್ಚು. ಹಲವು ಗುಹೆಗಳ ಮುಂದೆ ಕೊರೆದ ನೀರಿನ ತೊಟ್ಟಿ, ಅದಕ್ಕೆ ಮಳೆನೀರು ಹರಿಸುವ ಕಲ್ಲಿನ ಕಾಲುವೆಗಳನ್ನು ಮಳೆಗಾಲದಲ್ಲಿ ನೋಡಬೇಕು, ಇಂದಿಗೂ ಅವು ಕೆಲಸ ಮಾಡುತ್ತವೆ. ಮೂರನೆಯ ಗುಹೆಯ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನಾಮಂದಿರ, ಅದರ ಪಡಸಾಲೆಯ ಎರಡು ಬೃಹತ್ ಬುದ್ಧರು ಎಲ್ಲರ ಕಣ್ಣಿಗೂ ಬೀಳುತ್ತವೆ. ಒಂಬತ್ತನೆಯ ಶತಮಾನದ ಇಲ್ಲಿನ ಶಾಸನಗಳಲ್ಲಿ ಕೊಂಕಣವನ್ನಾಳುತ್ತಿದ್ದ ಶಿಲಾಹಾರರು ತಮ್ಮ ಒಡೆಯನೆಂದು ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ಕವಿರಾಜಮಾರ್ಗದಲ್ಲಿ ಕಾವೇರಿಯಿಂದ ಗೋದಾವರಿವರೆಗಿನ ನಾಡನ್ನು ಹಾಡಿಸಿಕೊಂಡ ನೃಪತುಂಗನೇ ಇವನು. ಮಳಖೇಡದ ಅರಸನ ಹೆಸರು ಬೊರಿವಲಿಯ ಬಂಡೆಯಲ್ಲಿ ಎದುರಾದಾಗ ಆಗುವ ಸಂತೋಷವನ್ನು ಬೇರೆಯವರಿಗೆ ವಿವರಿಸುವುದು ಕಷ್ಟ.

ಸಿನಿಮಾ ನಟರ ಮನೆಗಳನ್ನು ನೋಡಬಹುದೇ?

ಗೇಟು ನೋಡಬಹುದು. ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿಗೆ ಅದಕ್ಕಾಗಿ ಹೋದವರು ಹಾಗೆಯೇ ಮುಂದೆ ನಡೆದು, ಪೋರ್ಚುಗೀಸರು 1640ರಲ್ಲಿ ಕಟ್ಟಿದ ಕೋಟೆಯ ಗೋಡೆಯ ಮೇಲಿಂದ 5.6 ಕಿ.ಮೀ. ಉದ್ದದ ಬಾಂದ್ರಾ ವರ್ಲಿ ಸೇತುವೆಯನ್ನು ನೋಡಿ ಬನ್ನಿ.

ಒಂದು ದಿನದ ಪ್ರವಾಸಕ್ಕೆ ಲೋಣಾವಳ ಒಳ್ಳೆಯದೋ ಮಾಥೇರಾನೋ?

ಬೆಟ್ಟದ ಗಾಳಿಯೊಂದೇ ಬೇಕಾದರೆ ಮಾಥೇರಾನ್. ಸುಮಾರು 800 ಮೀಟರ್ ಎತ್ತರದ ಈ ಊರಿನೊಳಗೆ ಹೊರಗಿನ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಕಾರುಗಳೆಲ್ಲ ದಸ್ತೂರಿ ನಾಕಾದಲ್ಲೇ ನಿಲ್ಲಬೇಕು. ಕರ್ಜತ್ ಲೋಕಲ್‌ನಲ್ಲಿ ನೇರಳ್ ತಲುಪಿ, ಅಲ್ಲಿಂದ 1907ರಲ್ಲಿ ಆರಂಭವಾದ ಪುಟಾಣಿ ರೈಲಿನಲ್ಲಿ 21 ಕಿ.ಮೀ. ಸುತ್ತಿ ಸುತ್ತಿ ಏರಬಹುದು. ಸೀಟು ಸಿಗದಿದ್ದರೆ ಶೇರ್ ಟ್ಯಾಕ್ಸಿಯಲ್ಲಿ ದಸ್ತೂರಿಗೆ ಹೋಗಿ, ಪಕ್ಕದ ಅಮನ್ ಲಾಜ್ ನಿಲ್ದಾಣದಿಂದ ಶಟಲ್ ಹಿಡಿಯಿರಿ. ಮಳೆಗಾಲದಲ್ಲಿ ನೇರಳ್‌ನಿಂದ ಮೇಲೇರುವ ರೈಲು ನಿಂತಿರುತ್ತದೆ, ಶಟಲ್ ಮಾತ್ರ ಓಡುತ್ತದೆ. ಊರಿನ ಕೆಂಪು ಮಣ್ಣು ಬಿಳಿ ಬಟ್ಟೆಗೆ ಅಂಟಿದರೆ ಬಿಡುವುದಿಲ್ಲ.

ಲೋಣಾವಳಕ್ಕೆ ಹೋಗುವವರು ಚಿಕ್ಕಿ ಕೊಂಡು, ನಾಲ್ಕು ಪಾಯಿಂಟುಗಳಲ್ಲಿ ಫೋಟೊ ತೆಗೆದು ಮರಳುವುದೇ ಹೆಚ್ಚು. ಅಲ್ಲಿಂದ ಹತ್ತಾರು ಕಿ.ಮೀ. ಆಚೆ ಕಾರ್ಲಾ ಗುಹೆಯಿರುವಾಗ ಇದು ನಷ್ಟದ ವ್ಯಾಪಾರ. ಎರಡು ಸಾವಿರ ವರ್ಷ ಹಳೆಯದಾದ ಇಲ್ಲಿನ ಚೈತ್ಯ ದೇಶದ ಬಂಡೆ ಕೊರೆದ ಚೈತ್ಯಗಳಲ್ಲೇ ಅತಿ ದೊಡ್ಡದು. ಎತ್ತರ ಸುಮಾರು 14 ಮೀಟರ್. ಛಾವಣಿಗೆ ಅಂದು ಜೋಡಿಸಿದ ಮರದ ಪಕ್ಕೆಲುಬುಗಳು ಇನ್ನೂ ಅಲ್ಲೇ ಇವೆ. ಮುಂಭಾಗದ ಬ್ರಾಹ್ಮೀ ಶಾಸನವೊಂದು, ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲನೆಂದು ಹೇಳುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿ ಎಂಬುದು ಇತಿಹಾಸಕಾರರಲ್ಲಿ ಬಹುಮಾನ್ಯವಾದ ಅಭಿಪ್ರಾಯ. ವರದಾ ತೀರದ ವ್ಯಾಪಾರಿ ಸಹ್ಯಾದ್ರಿಯ ಈ ಘಟ್ಟದ ದಾರಿಯಲ್ಲಿ ಹಣ ಸುರಿದು ಗುಹೆ ಕೊರೆಸಿದನೆಂದರೆ, ಕರಾವಳಿಯ ಬಂದರುಗಳಿಗೂ ಒಳನಾಡಿಗೂ ನಡುವೆ ಎಂಥ ವಹಿವಾಟು ನಡೆದಿರಬೇಕು! ಗುಹೆಯ ಬಾಗಿಲಲ್ಲೇ ಕೋಳಿ ಎಂಬ ಮೀನುಗಾರ ಸಮುದಾಯದ ಆರಾಧ್ಯದೈವ ಏಕವೀರಾ ದೇವಿಯ ಗುಡಿಯಿದೆ. ಭಾನುವಾರ ಮತ್ತು ನವರಾತ್ರಿಯಲ್ಲಿ ಮೆಟ್ಟಿಲು ತುಂಬ ಭಕ್ತರಿರುತ್ತಾರೆ. ಲೋಣಾವಳದಿಂದ ಪುಣೆ ಲೋಕಲ್‌ನಲ್ಲಿ ಮುಂದಿನ ನಿಲ್ದಾಣವಾದ ಮಳವಳಿಯಲ್ಲಿ ಇಳಿದರೆ ಒಂದು ಬದಿಗೆ ಕಾರ್ಲಾ, ಇನ್ನೊಂದು ಬದಿಗೆ ಅದಕ್ಕೂ ಹಳೆಯದಾದ ಭಾಜಾ ಗುಹೆಗಳು. ಬೇಗ ಹೊರಟವರು ಎರಡನ್ನೂ ನೋಡಬಹುದು.

ಅಲಿಬಾಗ್‌ಗೆ ದೋಣಿಯಲ್ಲಿ ಹೋಗುವುದು ಹೇಗೆ?

ಗೇಟ್‌ವೇಯಿಂದ ಮಾಂಡವಾಕ್ಕೆ ಸುಮಾರು ಒಂದು ಗಂಟೆಯ ದೋಣಿ, ಅಲ್ಲಿಂದ ಅಲಿಬಾಗ್‌ಗೆ ಬಸ್ಸು. ಹಲವು ದೋಣಿಗಳ ಟಿಕೆಟ್ಟಿನಲ್ಲೇ ಬಸ್ಸಿನ ದರವೂ ಸೇರಿರುತ್ತದೆ. ಕಾರು ಇರುವವರು ಭಾವುಚಾ ಧಕ್ಕಾದಿಂದ 2020ರಲ್ಲಿ ಆರಂಭವಾದ ರೋ ರೋ ಹಡಗಿನಲ್ಲಿ ವಾಹನ ಸಮೇತ ದಾಟಬಹುದು. ಗೇಟ್‌ವೇಯ ದೋಣಿಗಳು ಮಳೆಗಾಲದಲ್ಲಿ ನಿಲ್ಲುತ್ತವೆ. ಅಲಿಬಾಗ್ ತೀರದೆದುರಿನ ಕೊಲಾಬಾ ಕೋಟೆಗೆ ಇಳಿತದ ಹೊತ್ತಿನಲ್ಲಿ ಮರಳ ಮೇಲೆ ನಡೆದೇ ಹೋಗಬಹುದು. ಒಳಗೆ ಮೈಮರೆತು ಕುಳಿತರೆ ನೀರು ಏರಿ ಹಾದಿ ಮುಚ್ಚುತ್ತದೆ. ಸ್ಥಳೀಯರು ‘ಹೊರಡಿ’ ಎಂದ ಕೂಡಲೇ ಹೊರಡಬೇಕು.

ಕಡಿಮೆ ಖರ್ಚಿನಲ್ಲಿ, ಬರೀ ಲೋಕಲ್ ರೈಲಿನಲ್ಲಿ ಹೋಗಿಬರುವಂಥದ್ದು ಇದೆಯೇ?

ಎರಡಿವೆ, ಎರಡಕ್ಕೂ ಪ್ರವಾಸಿಗರು ಹೋಗುವುದು ಕಡಿಮೆ. ಪಶ್ಚಿಮ ಮಾರ್ಗದ ವಸಾಯಿ ರೋಡ್‌ನಲ್ಲಿ ಇಳಿದು ಬಸ್ಸು ಅಥವಾ ರಿಕ್ಷಾದಲ್ಲಿ ವಸಾಯಿ ಕೋಟೆಗೆ ಹೋಗಿ. 1534ರಿಂದ ಪೋರ್ಚುಗೀಸರ ಕೈಯಲ್ಲಿದ್ದು, 1739ರಲ್ಲಿ ಮರಾಠರ ದಂಡನಾಯಕ ಚಿಮಾಜಿ ಅಪ್ಪಾ ಗೆದ್ದುಕೊಂಡ ಈ ಕೋಟೆಯೊಳಗೆ ಛಾವಣಿಯಿಲ್ಲದ ಇಗರ್ಜಿಗಳು ಆಲ, ಬಳ್ಳಿಗಳನ್ನು ಹೊದ್ದು ನಿಂತಿವೆ. ಅವುಗಳಿಂದ ಇಳಿಸಿದ ಗಂಟೆಗಳನ್ನು ಮರಾಠರು ವಿಜಯದ ಕುರುಹಾಗಿ ನಾಸಿಕ್, ಭೀಮಾಶಂಕರಗಳ ದೇವಸ್ಥಾನಗಳಲ್ಲಿ ತೂಗಿಸಿದರು.

ಎರಡನೆಯದು ಮಧ್ಯ ಮಾರ್ಗದ ಅಂಬರನಾಥ. ಕಾರ್ಖಾನೆಗಳ ಊರಿನ ಮಧ್ಯೆ, ಹಳ್ಳದ ದಂಡೆಯಲ್ಲಿ, 1060ರ ಶಾಸನವುಳ್ಳ ಶಿಲಾಹಾರರ ಶಿವಾಲಯವಿದೆ. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಹೊರಗೋಡೆಯ ಶಿಲ್ಪಗಳನ್ನು ನೋಡಲು ಬೆಳಗಿನ ಓರೆ ಬಿಸಿಲು ಒಳ್ಳೆಯದು. ಶಿವರಾತ್ರಿಯಂದು ಹೋದರೆ ಶಿಲ್ಪವಲ್ಲ, ಜನರ ತಲೆಗಳೇ ಕಾಣುತ್ತವೆ.

ರಾಯಗಡ, ಜಂಜೀರಾಗಳನ್ನೂ ಒಂದು ದಿನದಲ್ಲಿ ಮುಗಿಸಬಹುದೇ?

ಟ್ರಾವೆಲ್ಸ್‌ನವರು ಮುಗಿಸಿಕೊಡುತ್ತಾರೆ, ನಾನು ಸಲಹೆ ಮಾಡುವುದಿಲ್ಲ. 1674ರಲ್ಲಿ ಶಿವಾಜಿ ಮಹಾರಾಜರ ಪಟ್ಟಾಭಿಷೇಕ ನಡೆದ ರಾಯಗಡವು 2025ರಲ್ಲಿ ವಿಶ್ವ ಪರಂಪರೆಗೆ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಒಂದು. ರೋಪ್‌ವೇ ಇದ್ದರೂ ಅಲ್ಲಿಯವರೆಗಿನ ರಸ್ತೆಯೇ ಅರ್ಧ ದಿನ ತಿನ್ನುತ್ತದೆ. ಮುರುಡಿನ ಜಂಜೀರಾವೂ ದೂರವೇ, ಮಳೆಗಾಲದಲ್ಲಿ ಮುಚ್ಚಿರುತ್ತದೆ. ಇವೆರಡಕ್ಕೂ ಒಂದು ರಾತ್ರಿ ತಂಗುವ ಏರ್ಪಾಡಿರಲಿ.

ನಮ್ಮ ಕಡೆಯ ಊಟ ಸಿಗುತ್ತದೆಯೇ?

ಮಾಟುಂಗಾಕ್ಕೆ ಹೋಗಿ. ಕಿಂಗ್ಸ್ ಸರ್ಕಲ್ ಸುತ್ತಲಿನ ಹಳೆಯ ಉಡುಪಿ ಹೋಟೆಲುಗಳಲ್ಲಿ ಬಾಳೆಯೆಲೆ ಊಟ, ಫಿಲ್ಟರ್ ಕಾಫಿ ದೊರೆಯುತ್ತವೆ; ಪಕ್ಕದ ಹೂವಿನ ಅಂಗಡಿಗಳಲ್ಲಿ ಮಲ್ಲಿಗೆ ಮಾಲೆ ಕಂಡು ಊರ ನೆನಪಾಗಿ ಕೊಂಡವರನ್ನು ನೋಡಿದ್ದೇನೆ. ಆದರೆ ಮೂರು ದಿನವೂ ಅಲ್ಲೇ ಉಣ್ಣಬೇಡಿ. ನಿಲ್ದಾಣದ ಹೊರಗಿನ ಬಿಸಿ ವಡಾಪಾವ್, ಇರಾನಿ ಹೋಟೆಲಿನ ಬನ್ ಮಸ್ಕಾ ಚಹಾ ಇಲ್ಲಿ ಬಿಟ್ಟರೆ ಬೇರೆಡೆ ಅದೇ ರುಚಿಯಲ್ಲಿ ಸಿಗವು.

ರಾಜಹಂಸಗಳು ಎಲ್ಲಿ, ಯಾವಾಗ ಕಾಣುತ್ತವೆ?

ಫ್ಲೆಮಿಂಗೊಗಳು ಚಳಿಗಾಲದ ಹೊತ್ತಿಗೆ ಬಂದು ಮೇ ತಿಂಗಳವರೆಗೆ ಠಾಣೆ ಖಾರಿಯ, ಅಂದರೆ ಒಳನಾಡಿಗೆ ಚಾಚಿದ ಕಡಲ ತೋಳಿನ, ಕೆಸರುಬಯಲಿನಲ್ಲಿ ಇರುತ್ತವೆ. 2022ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎಂದು ಘೋಷಿತವಾದ ಈ ಖಾರಿಗೆ ಐರೋಳಿಯಿಂದ ಅರಣ್ಯ ಇಲಾಖೆಯ ದೋಣಿ ಹೊರಡುತ್ತದೆ. ದೋಣಿಯ ಸಮಯವನ್ನು ಉಬ್ಬರ ನೋಡಿಯೇ ನಿಗದಿಪಡಿಸುವುದರಿಂದ ಮುಂಗಡ ಕಾಯ್ದಿರಿಸುವುದು ಅಗತ್ಯ. ಶಿವಡಿಯ ತೀರದಿಂದಲೂ ಅವು ಕಾಣುತ್ತವೆ. ನೀರು ತೀರ ಇಳಿದಾಗ ಹಕ್ಕಿಗಳು ದೂರ ಸರಿದು ಗುಲಾಬಿ ಗೆರೆಯಷ್ಟೇ ಆಗುತ್ತವೆ, ಪೂರ್ಣ ಉಬ್ಬರದಲ್ಲಿ ಅವುಗಳಿಗೆ ಕಾಲೂರಲು ಕೆಸರೇ ಇರುವುದಿಲ್ಲ. ಉಬ್ಬರಕ್ಕೆ ಎರಡು ಮೂರು ಗಂಟೆ ಮೊದಲು ಹೋಗಿ ನಿಂತರೆ, ಏರುವ ನೀರೇ ಅವನ್ನು ದಡದ ಕಡೆಗೆ ತಳ್ಳಿಕೊಂಡು ಬರುತ್ತದೆ. ದುರ್ಬೀನು ತನ್ನಿ.